ಡ್ರಾಯಿಂಗ್ ನೋಡುವ ಅರ್ಹತೆ

ರಕ್ಷಣಾ ಗುತ್ತಿಗೆ ಎಂದರೆ ಫಿರಂಗಿ, ಟ್ಯಾಂಕು, ಕ್ಷಿಪಣಿ ಎಂದುಕೊಂಡು ಕೆಲಸಕ್ಕೆ ಬರುವ ಹುಡುಗ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಇಡೀ ಸರ್ವಿಸಿನಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದ್ದು ಬುಷ್‌ಗಳು, ಪಿನ್‌ಗಳು, ಅಂಗೈಯಗಲದ ಉಕ್ಕಿನ ಬಿಲ್ಲೆಗಳು, ಅಷ್ಟೆ. ಅವು ಯಾವ ಗಾಡಿಯ ಯಾವ ಮೂಲೆಗೆ ಹೋಗಿ ಕೂರುತ್ತವೆ ಎಂಬುದು ಮಾಡಿದವರಿಗೂ ಗೊತ್ತಿರುತ್ತಿರಲಿಲ್ಲ, ನನಗೂ ಗೊತ್ತಿರುತ್ತಿರಲಿಲ್ಲ. ಅಂಥ ಒಂದು ಬಿಲ್ಲೆ ರಸ್ತೆಯಲ್ಲಿ ಬಿದ್ದಿದ್ದರೆ ಗುಜರಿಯವನೂ ಎರಡು ಸಲ ಯೋಚಿಸಿ ಎತ್ತಿಕೊಳ್ಳುತ್ತಿದ್ದ. ಆದರೆ ಅದನ್ನು ಮಾಡಲು ಬೇಕಾದ ಡ್ರಾಯಿಂಗ್ ಮಾತ್ರ ಇನ್ನೊಂದು ದೇಶದ ಕಾನೂನನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತಿತ್ತು.

ಆ ಡ್ರಾಯಿಂಗ್ ನೋಡಲು ಯಾವ ವರ್ಕ್‌ಶಾಪಿಗೆ ಅರ್ಹತೆ ಇದೆ, ಯಾವುದಕ್ಕೆ ಇಲ್ಲ ಎಂದು ಹೋಗಿ ನೋಡಿ ಬರೆಯುವುದು ನನ್ನ ಕೆಲಸ. ನಮ್ಮದು ಬೆಂಗಳೂರಿನ ಒಂದು ಖಾಸಗಿ ಕಂಪನಿ. ಹೊರದೇಶದ ಸೈನಿಕ ವಾಹನ ತಯಾರಕರಿಂದ ಆರ್ಡರ್ ತೆಗೆದುಕೊಂಡು, ಸಣ್ಣ ಭಾಗಗಳನ್ನು ಕೆ.ಜಿ.ಎಫ್., ಬಂಗಾರಪೇಟೆ ಕಡೆಯ ಚಿಕ್ಕಪುಟ್ಟ ಶೆಡ್ಡುಗಳಿಗೆ ಹಂಚುತ್ತಿತ್ತು. ಗಣಿ ಮುಚ್ಚಿದ ಮೇಲೆ, ಗಣಿಯ ವರ್ಕ್‌ಶಾಪಿನಲ್ಲಿ ಕೈ ಪಳಗಿದವರು ಅಲ್ಲಲ್ಲಿ ಒಂದು ಲೇತ್, ಒಂದು ಮಿಲ್ಲಿಂಗ್ ಮಷಿನ್ ಇಟ್ಟುಕೊಂಡು ಹೇಗೋ ಬದುಕುತ್ತಿದ್ದರು. ನಾನು ಕ್ಯಾಸಂಬಳ್ಳಿ ಹತ್ತಿರದ ಒಕ್ಕಲು ಮನೆತನದವಳು. ಡಿಪ್ಲೊಮಾ ಓದಿ, ಮದುವೆಯಾಗಿ ಬಂಗಾರಪೇಟೆಗೆ ಬಂದು, ಅಲ್ಲಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುತ್ತಿದ್ದೆ. ಸರೋಜಮ್ಮನಿಗೆ ಆ ಕಡೆಯ ಜನ, ಭಾಷೆ ಎಲ್ಲ ಗೊತ್ತು ಎಂದು ಈ ಭಾಗದ ಶೆಡ್ಡುಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು.

ಈ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದದ್ದು ರಫ್ತು ಎಂಬ ಮಾತಿನ ಅರ್ಥ. ಹಡಗಿಗೆ ಸಾಮಾನು ಹೇರಿ ಕಳಿಸಿದರೆ ರಫ್ತು ಎಂದು ನಾವು ಶಾಲೆಯಲ್ಲಿ ಕಲಿತಿರುತ್ತೇವೆ. ಇಲ್ಲಿ, ಅನುಮತಿ ಇಲ್ಲದ ಮನುಷ್ಯ ಬಾಗಿಲಲ್ಲಿ ನಿಂತು ಡ್ರಾಯಿಂಗ್ ಕಡೆ ಕಣ್ಣು ಹಾಯಿಸಿದರೂ ಅದು ರಫ್ತೇ. ಕಾಗದ ಮೇಜಿನ ಮೇಲಿಂದ ಅಲುಗಾಡಿರುವುದಿಲ್ಲ, ಆದರೂ ಗಡಿ ದಾಟಿದ ಲೆಕ್ಕ. ಇದಿಷ್ಟನ್ನು ಶೆಡ್ಡಿನ ಮಾಲೀಕರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು.

ಉಳಿದ ಷರತ್ತುಗಳು ಅದರಿಂದಲೇ ಹುಟ್ಟುತ್ತವೆ. ಡ್ರಾಯಿಂಗ್ ಇಡುವ, ಆ ಭಾಗ ತಯಾರಾಗುವ ಜಾಗಕ್ಕೆ ಗೋಡೆ ಇರಬೇಕು, ಬೀಗ ಇರಬೇಕು. ಆ ಕಂಪ್ಯೂಟರಿಗೆ ಇಂಟರ್ನೆಟ್ ಇರಕೂಡದು. ಮೊಬೈಲು ಹೊರಗೆ. ಹಾಳಾದ ಭಾಗವನ್ನು ತುಂಡು ತುಂಡು ಮಾಡಿಯೇ ಗುಜರಿಗೆ ಹಾಕಬೇಕು. ಎಲ್ಲಕ್ಕೂ ಹೊಣೆಯಾಗುವ ಒಬ್ಬರ ಹೆಸರು ಕೊಡಬೇಕು. ಒಳಗೆ ಹೋಗುವ ಪ್ರತಿಯೊಬ್ಬರದೂ ಊರು, ಪೌರತ್ವ, ಹುಟ್ಟಿದ ದೇಶ ತಿಳಿಸಬೇಕು.

ನಾನು ಸೇರಿದ ಹೊಸದರಲ್ಲಿ ಡ್ರಾಯಿಂಗ್‌ಗಳು ಅರಗಿನ ಮುದ್ರೆಯ ಲಕೋಟೆಯಲ್ಲಿ ನನ್ನ ಕೈಚೀಲದಲ್ಲೇ ಬರುತ್ತಿದ್ದವು. ರೈಲಿನಲ್ಲಿ ಸೀಟು ಸಿಕ್ಕರೂ ನಿದ್ದೆ ಮಾಡುವಂತಿರಲಿಲ್ಲ. ಆಮೇಲೆ ಎಲ್ಲ ಪಾಸ್‌ವರ್ಡ್ ಹಾಕಿ ಕಂಪ್ಯೂಟರಿನಲ್ಲೇ ಬರತೊಡಗಿತು. ಕೈಚೀಲ ಹಗುರವಾಯಿತು, ತಪ್ಪುಗಳೇನೂ ಕಡಿಮೆಯಾಗಲಿಲ್ಲ.

ಬಂಗಾರಪೇಟೆಯ ಒಂದು ಶೆಡ್ಡಿನ ಕಥೆ ಹೇಳುತ್ತೇನೆ. ಮಾಲೀಕ ಬಲು ಶಿಸ್ತಿನ ಮನುಷ್ಯ, ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿಸಿದ್ದ. ಆಯುಧಪೂಜೆಯ ದಿನ ಮಷಿನ್‌ಗಳಿಗೆ ಬೂದುಗುಂಬಳ ಒಡೆದು, ಬಾಳೆಕಂದು ಕಟ್ಟಿ, ಮನೆಯವರನ್ನೆಲ್ಲ ಕರೆದು ಫೋಟೊ ತೆಗೆಸಿದ. ದೇವರ ಪಟದ ಹಿಂದಿನ ಗೋಡೆಗೆ ಡ್ರಾಯಿಂಗ್ ಅಂಟಿಸಿತ್ತು. ಕೆಲಸ ಚೆನ್ನಾಗಿ ನಡೆಯಲಿ ಎಂದು ಅದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಆ ಫೋಟೊ ಸಂಜೆಯೊಳಗೆ ಅವನ ನೆಂಟರಿಷ್ಟರ ಫೋನುಗಳನ್ನೆಲ್ಲ ಸುತ್ತಿ, ಕೊಲ್ಲಿ ದೇಶದಲ್ಲಿದ್ದ ಅವನ ಭಾಮೈದನವರೆಗೂ ಹೋಯಿತು. ಹಿಗ್ಗಿಸಿ ನೋಡಿದರೆ ಅಳತೆಗಳೆಲ್ಲ ಓದಲು ಬರುತ್ತಿದ್ದವು. ಅವನ ಅರ್ಹತೆ ಹೋಯಿತು, ಕೆಲಸಗಾರರು ಚೆಲ್ಲಾಪಿಲ್ಲಿಯಾದರು. ‘ದೇವರ ಫೋಟೊ ಮೇಡಂ ಅದು, ದೇವರ ಫೋಟೊ’ ಎಂದು ಅವನು ನನ್ನ ಮುಂದೆ ಕೂತು ಅತ್ತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಇಂಥವು ಇನ್ನೂ ಇವೆ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಒಂದೇ ಒಂದು ಶೆಡ್ಡು. ಹೊಸಬರಿಗೆ ಹೇಳಲೇಬೇಕಾದದ್ದೂ ಅದೇ.

ರಾಬರ್ಟ್‌ಸನ್‌ಪೇಟೆಯಿಂದ ಕ್ಯಾಸಂಬಳ್ಳಿಗೆ ಹೋಗುವ ದಾರಿಯಲ್ಲಿ ನಾರಾಯಣಸ್ವಾಮಿ ಎಂಬುವರ ವರ್ಕ್‌ಶಾಪ್ ಇತ್ತು. ನಮ್ಮ ಪಕ್ಕದ ಹಳ್ಳಿಯವರೇ. ಹಳ್ಳಿಯಲ್ಲಿ ಒಂದಷ್ಟು ರಾಗಿ ಹೊಲ, ಎರಡು ಸೀಮೆಹಸು ಇಟ್ಟುಕೊಂಡು, ಹಗಲೆಲ್ಲ ಶೆಡ್ಡಿನಲ್ಲಿ ಕಳೆಯುತ್ತಿದ್ದರು. ಅವರ ಜೊತೆ ಮೊದಲಿನಿಂದಲೂ ಇದ್ದವರು ಮುತ್ತಯ್ಯ. ಇಬ್ಬರೂ ಒಂದೇ ವರ್ಷ ಗಣಿ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದವರು, ಗಣಿ ಮುಚ್ಚಿದ ದಿನ ಒಂದೇ ಗೇಟಿನಿಂದ ಹೊರಗೆ ಬಂದವರು. ನಾರಾಯಣಸ್ವಾಮಿ ಲೇತ್ ನೋಡಿಕೊಂಡರೆ, ಭಾಗವನ್ನು ಕೊನೆಯಲ್ಲಿ ಕಲ್ಲಿಗೆ ಕೊಟ್ಟು ನುಣುಪು ಮಾಡುವ ಗ್ರೈಂಡಿಂಗ್ ಮುತ್ತಯ್ಯನವರದು. ಜೊತೆಗೆ ನಾಲ್ಕೈದು ಜನ ಕೆಲಸಗಾರರು. ಲೆಕ್ಕಪತ್ರ, ಕಂಪ್ಯೂಟರು ನೋಡಿಕೊಳ್ಳಲು ನಾರಾಯಣಸ್ವಾಮಿಯವರ ಮಗಳು ಸುಮ.

ಹೊರದೇಶದ ಕೆಲಸ ಬೇಕೆಂದು ಅವರು ಕೇಳಿಕೊಂಡಾಗ ನಾನು ನೋಡಲು ಹೋದೆ. ಸುಮಳನ್ನು ಹೊಣೆಗಾರಳನ್ನಾಗಿ ಮಾಡುವುದು, ಶೆಡ್ಡಿನ ನಡುವೆ ಗೋಡೆ ಎಬ್ಬಿಸಿ ಒಂದು ಭಾಗವನ್ನು ಬೀಗದ ಕೋಣೆ ಮಾಡುವುದು, ಗ್ರೈಂಡಿಂಗ್ ಮಷಿನನ್ನು ಅದರೊಳಗೆ ಸೇರಿಸುವುದು, ಇಷ್ಟು ಮಾತಾಯಿತು. ಎಲ್ಲರ ವಿವರ ಕೇಳುತ್ತಾ ಬಂದೆ. ಮುತ್ತಯ್ಯನವರ ಸರದಿ ಬಂದಾಗ ಅವರು ಕೈಯೊರೆಸಿಕೊಂಡು ಮುಂದೆ ಬಂದು, ಕೇಳುವ ಮೊದಲೇ ಹೇಳಿದರು:

‘ನಾನು ಉಟ್ಟಿದ್ದು ಸಿಲೋನ್‌ನಾಗಮ್ಮಾ. ಟೀ ತೋಟದಾಗೆ.’

‘ಈಗ ಪೌರತ್ವ?’

‘ಇಂಡಿಯಾನೇ. ಚಿಕ್ಕ ಉಡುಗ ಇದ್ದಾಗ ಅಪ್ಪ ಅಮ್ಮನ ಜೊತೆ ಅಡಗಲ್ಲಿ ಬಂದ್ವಿ. ಗೌರ್ಮೆಂಟೇ ಕರ್ಕೊಂಡು ಬಂದಿದ್ದು. ಮಾಮ ಒಬ್ರು ಇಲ್ಲಿ ಗಣೀಲಿದ್ರು, ಅವ್ರ ಅತ್ರ ಬಂದು ಸೇರ್ಕೊಂಡ್ವಿ. ಪೇಪರ್ ಎಲ್ಲಾ ಐತೆ.’

ಪೇಪರ್ ಎಲ್ಲ ಇತ್ತು. ಪೌರತ್ವ ಪತ್ರ, ರೇಷನ್ ಕಾರ್ಡು, ವೋಟರ್ ಕಾರ್ಡು, ಗಣಿಯ ಸರ್ವಿಸ್ ಪುಸ್ತಕ. ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಬೆಳೆದು, ಅಲ್ಲೇ ಮದುವೆಯಾಗಿ, ಅಲ್ಲೇ ಅಪ್ಪ ಅಮ್ಮನನ್ನು ಮಣ್ಣು ಮಾಡಿದವರು. ನಾನು ವಿವರಗಳನ್ನು ಬರೆದುಕೊಂಡು, ಇದರಲ್ಲಿ ತೊಡಕೇನೂ ಇರಲಾರದು ಎಂದು ಷರಾ ಹಾಕಿ ಕಳಿಸಿದೆ.

ನಮ್ಮ ವಿಭಾಗದ ಮುಖ್ಯಸ್ಥರು ಸೈನ್ಯದಿಂದ ನಿವೃತ್ತರಾಗಿ ಬಂದವರು. ಎಲ್ಲರೂ ಅವರನ್ನು ಕರ್ನಲ್ ಸಾಹೇಬರು ಎನ್ನುತ್ತಿದ್ದರು. ಕೆಟ್ಟವರಲ್ಲ. ಲಂಚ ಮುಟ್ಟಿದವರಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ ನಿಯಮ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆಯೇ ಆಗಬೇಕು. ಅವರು ನನ್ನನ್ನು ಕರೆಸಿದರು.

‘ಸರೋಜಮ್ಮ, ಇವರು ಈಗ ಯಾವ ದೇಶದವರು ಅಂತ ಆ ಕಂಪನಿಯವರು ಕೇಳ್ತಿಲ್ಲ. ಎಲ್ಲಿ ಹುಟ್ಟಿದ್ದು ಅಂತ ಕೇಳ್ತಿದ್ದಾರೆ. ಆ ದೇಶ ಅವರ ನಿಷೇಧದ ಪಟ್ಟಿಯಲ್ಲಿದೆ.’

‘ಸರ್, ಅವರು ಬಂದಾಗ ಹಾಲುಹಲ್ಲು ಬಿದ್ದಿರಲಿಲ್ಲ. ಕರೆಸಿಕೊಂಡದ್ದು ನಮ್ಮ ಸರ್ಕಾರವೇ.’

‘ನನಗೆ ಅರ್ಥ ಆಗುತ್ತೆ. ಪಟ್ಟಿಗೆ ಅರ್ಥ ಆಗಲ್ಲ. ವಿನಾಯಿತಿ ಕೇಳಿ ಬರೀರಿ, ನಾನು ಸಹಿ ಹಾಕ್ತೀನಿ. ಅಲ್ಲಿವರೆಗೆ ಅವರು ಗೋಡೆಯಿಂದ ಹೊರಗೆ.’

ಬರೆದೆ. ಸಾಹೇಬರು ಹೇಳಿದಂತೆ ಸಹಿಯನ್ನೂ ಹಾಕಿದರು. ಅತ್ತಲಿಂದ ಉತ್ತರ ಬರಲಿಲ್ಲ. ಮತ್ತೆ ಬರೆದೆ. ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು ಬಂತು.

ಸುದ್ದಿ ತಿಳಿಸಲು ನಾನೇ ಹೋದೆ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದು. ನಾರಾಯಣಸ್ವಾಮಿ ಕೇಳಿದವರೇ ಸಿಡಿದರು.

‘ಏನಕ್ಕಾ ಇದು? ಈ ಶೆಡ್ಡು ನಂದೆಷ್ಟೋ ಅವುನ್ದೂ ಅಷ್ಟೆ. ಅವುನ್ನ ಆಚೆ ನಿಲ್ಸಿ ನಾನು ಒಳಗೆ ಕೂತ್ಕಳ್ಳಾ? ಬ್ಯಾಡ ಬುಡಿ ನಮ್ಗೆ ಈ ಕೆಲ್ಸ.’

ಮುತ್ತಯ್ಯನವರೇ ಅವರ ತೋಳು ಹಿಡಿದು ಕೂರಿಸಿದರು. ‘ಸುಮ್ನಿರಣ್ಣಾ. ಲೋಕಲ್ ಕೆಲ್ಸ ಎಲ್ಲೈತೆ ಈಗ? ಉಡುಗ್ರಿಗೆ ಸಂಬಳ ಎಲ್ಲಿಂದ ಕೊಡ್ತೀಯಾ? ನಾನು ಆಚೆ ಇರ್ತೀನಿ. ಆಚೆ ಕೆಲ್ಸ ಆಚೆ, ಒಳಗಿನ್ ಕೆಲ್ಸ ಒಳಗೆ.’

‘ಒಳ್ಗೆ ಗ್ರೈಂಡಿಂಗು ಯಾವನ್ ಮಾಡ್ತಾನ್ಲಾ?’

‘ನೀನೇ ಮಾಡು. ಬರಲ್ವಾ ನಿಂಗೆ?’

ನಾರಾಯಣಸ್ವಾಮಿಗೆ ಬರುತ್ತಿತ್ತು, ಅಪ್ರೆಂಟಿಸ್ ದಿನಗಳಲ್ಲಿ ಕಲಿತಷ್ಟು. ಹಾಗೆಯೇ ಆಯಿತು. ಮುತ್ತಯ್ಯನವರ ಮಷಿನನ್ನು ಹೊರಗೇ ಬಿಟ್ಟು, ಒಳಗಿನ ಕೋಣೆಗೆ ಬೇರೆ ಒಂದು ಹಳೆಯ ಗ್ರೈಂಡಿಂಗ್ ಮಷಿನ್ ತಂದರು. ಗೋಡೆ ಕಟ್ಟುವ ದಿನ ನಾನು ಅಳತೆ ನೋಡಲು ಹೋಗಿದ್ದೆ. ಸಿಮೆಂಟ್ ಇಟ್ಟಿಗೆ ಎತ್ತಿ ಕೊಡುತ್ತಿದ್ದವರು ಮುತ್ತಯ್ಯ. ಗಾರೆಯವನು ನೂಲು ಕಟ್ಟಲು ಇನ್ನೊಂದು ತುದಿ ಹಿಡಿಯಿರಿ ಎಂದಾಗ ಹಿಡಿದು ನಿಂತವರೂ ಅವರೇ. ಗೋಡೆ ಎದೆಯ ಮಟ್ಟ ಬಂದಾಗ ನಾರಾಯಣಸ್ವಾಮಿ, ಮುತ್ತಯ್ಯ ಇಬ್ಬರೂ ಆಚೆ ಈಚೆ ನಿಂತು ಬೀಡಿ ಹಚ್ಚಿಕೊಂಡರು.

ಆ ಕೋಣೆಗೆ ಒಂದೇ ಬಾಗಿಲು, ಕಬ್ಬಿಣದ್ದು, ಕಾರ್ಡು ಮುಟ್ಟಿಸಿದರೆ ತೆರೆಯುವಂಥದು. ಕಾರ್ಡು ಇದ್ದದ್ದು ಇಬ್ಬರ ಬಳಿ, ತಂದೆ ಮತ್ತು ಮಗಳು. ಅನುಮತಿಯ ಪಟ್ಟಿಯಲ್ಲಿದ್ದ ಕೆಲಸಗಾರರು ಅವರ ಜೊತೆಯಲ್ಲೇ ಒಳಗೆ ಹೋಗಬೇಕು. ಒಳಗೆ ತಿರುಗುವ ಮಷಿನ್‌ಗಳಿವೆ, ಏನಾದರೂ ಆದರೆ ಬಾಗಿಲು ತೆರೆಯುವವರು ಬೇಕು, ಹೊರಗೋಡೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇಟ್ಟು ಅದರಲ್ಲಿ ಕಾರ್ಡಿಲ್ಲದೆಯೂ ಬಾಗಿಲು ತೆರೆಯುವ ಒಂದು ಚಾವಿ ಇರಲಿ ಎಂದು ನನ್ನ ವರದಿಯಲ್ಲಿ ಬರೆದಿದ್ದೆ. ಕರ್ನಲ್ ಸಾಹೇಬರು ಆ ಸಾಲನ್ನು ಹೊಡೆದು ಹಾಕಿದರು.

‘ಚಾವಿ ಹೊರಗಿಟ್ಟ ಮೇಲೆ ಬೀಗ ಯಾಕೆ ಬೇಕು, ಹೇಳಿ?’ ಎಂದು ನಕ್ಕರು.

ನಾನು ಎರಡನೇ ಸಲವೂ ಹೇಳಿದೆ. ಅವರು ಎರಡನೇ ಸಲವೂ ಬೇಡ ಎಂದರು. ಶೆಡ್ಡಿಗೆ ಅರ್ಹತೆ ಬಂತು. ಸುಮ ಬಂದವರಿಗೆಲ್ಲ ಮೈಸೂರುಪಾಕು ಹಂಚಿದಳು. ಗೋಡೆಯ ಹೊರಗಿದ್ದ ಮುತ್ತಯ್ಯ ಮಾಮನಿಗೆ ಎರಡು ತುಂಡು.

ಕೆಲಸ ಚೆನ್ನಾಗಿಯೇ ನಡೆಯಿತು. ಬದಲಾದದ್ದು ಬೇರೆ. ಮೊದಲೆಲ್ಲ ಮಧ್ಯಾಹ್ನ ಗೆಳೆಯರಿಬ್ಬರೂ ಒಟ್ಟಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಆಮೇಲೆ ನಾರಾಯಣಸ್ವಾಮಿ ಊಟದ ಹೊತ್ತಿನಲ್ಲೂ ಒಳಗೇ ಇರತೊಡಗಿದರು. ಅರ್ಜೆಂಟು ಎನ್ನುತ್ತಿದ್ದರು. ಒಮ್ಮೆ ನಾನು ಹೋದಾಗ ಹೊರಗೆ ಬಂದು, ಗೋಡೆಯ ಕಡೆ ಬೆನ್ನು ಮಾಡಿ ಮೆಲ್ಲಗೆ ಹೇಳಿದರು: ‘ಅವ್ನ್ ಎದ್ರಿಗೆ ಕೂತ್ಕಂಡ್ ಉಣ್ಣಾಕೆ ಆಗ್ತಾ ಇಲ್ಲಕ್ಕಾ. ಏನ್ ಮಾಡ್ತಾ ಇದೀಯಾ ಒಳ್ಗೆ ಅಂತ ಅವ್ನ್ ಕೇಳಲ್ಲ. ಕೇಳಿದ್ರೆ ಏಳಂಗಿಲ್ಲ. ಮೂವತ್ತು ವರ್ಸ ಏನೂ ಮುಚ್ಚಿಟ್ಟಿಲ್ಲ ನಾವು.’ ವಿನಾಯಿತಿ ಬರುತ್ತದೆ ನಾರಾಯಣಸ್ವಾಮಿ, ಮತ್ತೆ ಬರೆದಿದ್ದೇನೆ ಎಂದೆ. ನಿಜವಾಗಿಯೂ ಬರೆದಿದ್ದೆ.

ಆ ದಿನ ಮಧ್ಯಾಹ್ನ ಸುಮ ಕೊರಿಯರ್ ಕೊಡಲು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದಳು. ಕೆಲಸಗಾರರು ಹೊರಗೆ ಹೊಂಗೆ ಮರದ ಕೆಳಗೆ ಉಣ್ಣುತ್ತಿದ್ದರು. ಮುತ್ತಯ್ಯ ತಮ್ಮ ಮಷಿನ್ ಒರೆಸುತ್ತಿದ್ದರು. ಒಳಗೆ ಗ್ರೈಂಡಿಂಗ್ ಕಲ್ಲು ತಿರುಗುವ ಸದ್ದಿನ ನಡುವೆ ಇದ್ದಕ್ಕಿದ್ದಂತೆ ಬಾಂಬು ಸಿಡಿದ ಹಾಗೆ ಕೇಳಿ, ಗೋಡೆಗೆ ಏನೋ ಬಡಿದು, ಆಮೇಲೆ ಸದ್ದು ನಿಂತುಹೋಯಿತು. ಕಲ್ಲಿನಲ್ಲಿ ಮೊದಲೇ ಬಿರುಕಿತ್ತು, ವೇಗಕ್ಕೆ ಒಡೆದು ಹಾರಿತು ಎಂದು ನಂತರ ಬಂದ ಕಾರ್ಖಾನೆ ಇನ್ಸ್‌ಪೆಕ್ಟರು ಹೇಳಿದರು.

ಮುತ್ತಯ್ಯ ಬಾಗಿಲು ಬಡಿದರು, ಹೆಸರು ಹಿಡಿದು ಕೂಗಿದರು. ಒಳಗಿನಿಂದ ನರಳಾಟ ಕೇಳುತ್ತಿತ್ತಂತೆ. ಕೆಲಸಗಾರರು ಓಡಿಬಂದರು, ಸುಮಳಿಗೆ ಫೋನ್ ಮಾಡಿದರು. ಅವಳು ಆಟೊ ಹಿಡಿದು ಬರುವವರೆಗೆ ಕಾಯಲು ಯಾರಿಂದಾಗುತ್ತದೆ? ಮುತ್ತಯ್ಯ ಹಾರೆ ತಂದು ಬಾಗಿಲ ಸಂದಿಗೆ ಹಾಕಿ ಮೀಟಿದರು. ಬಾಗಿಲು ಒಳ್ಳೆಯದನ್ನೇ ಹಾಕಿಸಿದ್ದೆವು, ಬೇಗ ಬಿಟ್ಟುಕೊಡಲಿಲ್ಲ. ಚೌಕಟ್ಟು ಕಿತ್ತುಬಂದಾಗ ಅವರ ಎರಡೂ ಅಂಗೈ ಹರಿದಿದ್ದವು. ಅವರೇ ಮೊದಲು ಒಳಗೆ ಹೋಗಿ ನಾರಾಯಣಸ್ವಾಮಿಯವರನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದರು.

ಸುಮ ಫೋನ್ ಮಾಡಿದಾಗ ನಾನು ಬಂಗಾರಪೇಟೆಯಲ್ಲೇ ಇನ್ನೊಂದು ಶೆಡ್ಡಿನಲ್ಲಿದ್ದೆ. ಕೋಲಾರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಲ್ಲಿನ ಚೂರು ಕುತ್ತಿಗೆಯ ಕೆಳಗೆ ಹೊಕ್ಕಿತ್ತು, ರಕ್ತ ಬಹಳ ಹೋಗಿತ್ತು. ಸ್ವಲ್ಪ ಮೊದಲೇ ಕರೆತಂದಿದ್ದರೆ ಎಂದು ನಾನು ಕೇಳಿದೆ. ವೈದ್ಯರು ನನ್ನ ಮುಖ ನೋಡಿ, ಅದನ್ನು ಯಾರೂ ಹೇಳಲಾರರು ಎಂದರು. ವರಾಂಡದಲ್ಲಿ ಮುತ್ತಯ್ಯ ಕೈಗಳಿಗೆ ಬಟ್ಟೆ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಸುಮ ಅವರ ಭುಜಕ್ಕೆ ತಲೆಯಿಟ್ಟಿದ್ದಳು.

ಇಲ್ಲಿಗೆ ಮುಗಿಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಕೆಲಸದಲ್ಲಿ ಇಲ್ಲಿಂದಲೇ ಶುರು. ಅನುಮತಿ ಇಲ್ಲದ ವ್ಯಕ್ತಿ ಬೀಗದ ಕೋಣೆಯೊಳಗೆ ಹೋಗಿದ್ದರು. ಅದನ್ನು ವರದಿ ಮಾಡಲೇಬೇಕು. ಮುಚ್ಚಿಟ್ಟರೆ ಶೆಡ್ಡಿನ ಅರ್ಹತೆ ಶಾಶ್ವತವಾಗಿ ಹೋಗುತ್ತದೆ, ನಮ್ಮ ಕಂಪನಿಯದೂ ಹೋಗಬಹುದು. ಏನಾಯಿತೋ ಅದನ್ನು ಆದ ಹಾಗೆ ಬರೆದೆ. ಗಾಜಿನ ಪೆಟ್ಟಿಗೆಯ ಸಾಲನ್ನು ಹೊಡೆದು ಹಾಕಿದ್ದನ್ನೂ ಬರೆದೆ. ಕರ್ನಲ್ ಸಾಹೇಬರು ಓದಿದರು. ಆ ಸಾಲನ್ನು ಈ ಸಲ ಹೊಡೆಯಲಿಲ್ಲ. ಸಹಿ ಹಾಕಿ ಕಳಿಸಿದರು.

ಶೆಡ್ಡಿಗೆ ಕೆಲಸ ನಿಂತಿತು. ನಾರಾಯಣಸ್ವಾಮಿಯವರ ತಿಥಿ ಮುಗಿದ ಮೇಲೆ ವಿಚಾರಣೆಗೆ ಬಂದರು. ಹೊರದೇಶದ ಕಂಪನಿಯಿಂದ ಒಬ್ಬ ವಕೀಲೆ, ಜೊತೆಗೆ ನಮ್ಮ ಸಾಹೇಬರು. ಶೆಡ್ಡಿನ ಆಫೀಸು ಕೋಣೆಯಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ಸುಮ ಬಾಗಿಲ ಬಳಿ ನಿಂತಿದ್ದಳು. ಆ ವಕೀಲೆ ಮೊದಲು ಸತ್ತವರ ಬಗ್ಗೆ ಮರುಗಿ ಎರಡು ಮಾತಾಡಿದರು, ನಾಟಕವೇನೂ ಇರಲಿಲ್ಲ. ಆಮೇಲೆ ಪ್ರಶ್ನೆಗಳು. ಅವರ ಇಂಗ್ಲಿಷನ್ನು ಕನ್ನಡಕ್ಕೆ, ಮುತ್ತಯ್ಯನವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವುದು ನನ್ನ ಪಾಲಿಗೆ ಬಂತು.

‘ಪಟ್ಟಿಯಲ್ಲಿದ್ದ ಕೆಲಸಗಾರರು ಅಲ್ಲೇ ಇದ್ದರಲ್ಲ, ಅವರನ್ನು ಯಾಕೆ ಒಳಗೆ ಕಳಿಸಲಿಲ್ಲ ಎಂದು ಕೇಳುತ್ತಿದ್ದಾರೆ,’ ಎಂದೆ.

‘ಅಣ್ಣ ಒಳಗೆ ನರಳ್ತಾವ್ನೆ. ಆಗ ಪಟ್ಟೀಲಿ ಯಾರವ್ರೆ ಯಾರಿಲ್ಲ ಅಂತ ನೋಡ್ತಾರಾಮ್ಮಾ?’

‘ಒಳಗೆ ಹೋದಾಗ ಏನೇನು ನೋಡಿದಿರಿ?’

‘ರಕ್ತ ನೋಡ್ದೆ.’

ನಾನು ಹೇಳಿದೆ. ವಕೀಲೆ ಬರೆದುಕೊಳ್ಳಲಿಲ್ಲ. ತಲೆ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು.

‘ಗೋಡೆಯ ಮೇಲೆ ಡ್ರಾಯಿಂಗ್ ಇತ್ತು. ಅದನ್ನು ನೋಡಿದಿರಾ?’

‘ಏನೋ ಕಾಗ್ದ ಇತ್ತು. ಅದ್ರ ಮೇಲೂ ರಕ್ತಾನೇ.’

ಅವರು ಒಂದು ಮುಚ್ಚಳಿಕೆ ತಂದಿದ್ದರು. ಒಳಗೆ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ಯಾವ ದೇಶಕ್ಕೂ ತಿಳಿಸುವುದಿಲ್ಲ ಎಂದು ಮುತ್ತಯ್ಯ ಸಹಿ ಹಾಕಬೇಕು. ಹಾಕಿದರೆ ಶೆಡ್ಡಿನ ಅರ್ಹತೆಯನ್ನು ಮತ್ತೆ ಪರಿಶೀಲಿಸಬಹುದು. ಹಾಕದಿದ್ದರೆ ಇಲ್ಲ. ನಾನು ಸಾಲು ಸಾಲಾಗಿ ಓದಿ ಅರ್ಥ ಹೇಳುತ್ತಾ ಬಂದೆ. ಸಹಿ ಹಾಕುವವರು ಯಾರು ಎಂದು ವಿವರಿಸುವ ಕಡೆ ಎರಡು ಇಂಗ್ಲಿಷ್ ಪದಗಳಿದ್ದವು. ಹೊರದೇಶದ ವ್ಯಕ್ತಿ ಎಂದು ಅದರ ಅರ್ಥ. ಹೊರದೇಶದವರು ಎಂದೆ. ಮುತ್ತಯ್ಯನವರಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿದರೋ, ‘ಏನಂದ್ರಿ?’ ಎಂದರು. ಮತ್ತೆ ಹೇಳಿದೆ.

‘ಪರದೇಸಿ ಅಂತಾನಾ?’

ನಮ್ಮ ಕಡೆ ಆ ಮಾತು ಗತಿಯಿಲ್ಲದವನಿಗೆ, ತಂದೆ ತಾಯಿ ಇಲ್ಲದವನಿಗೆ ಬಯ್ಯುವ ಮಾತು. ಅವರ ತಮಿಳಿನಲ್ಲೂ ಅಷ್ಟೆ, ಭಿಕ್ಷೆ ಬೇಡುವವನಿಗೆ ಹೇಳುತ್ತಾರೆ. ಅದು ಕಾನೂನಿನ ಮಾತು ಮುತ್ತಯ್ಯ, ಹಾಗೆ ಅರ್ಥ ಅಲ್ಲ ಎಂದೆ.

ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು: ‘ಅಲ್ಲಿ ನಮ್ಮಪ್ಪನ್ನ ಕಳ್ಳತೋಣಿ ಅಂತಿದ್ರು. ಕಳ್ಳದೋಣೀಲಿ ಬಂದೋನು ಅಂತ. ಅಲ್ಲಿಂದ ಇಲ್ಲಿಗೆ ಬಂದ್ವಿ. ಇಲ್ಲಿ ಸ್ಕೂಲಾಗೆ ನಂಗೆ ಸಿಲೋನ್‌ಕಾರ ಅಂದ್ರು. ಗಣೀಲಿ ಮಾತ್ರ ಯಾರೂ ಏನೂ ಅನ್ಲಿಲ್ಲಮ್ಮಾ. ಅಣ್ಣನೂ ಯಾವತ್ತೂ ಅನ್ಲಿಲ್ಲ. ಈಗ ಅವ್ನ್ ಶೆಡ್ಡಲ್ಲೇ ಕೂತ್ಕೊಂಡು ಪರದೇಸಿ ಅಂತ ನಾನೇ ಸೈನ್ ಆಕ್ಬೇಕಾ?’

ಇದನ್ನು ಇಂಗ್ಲಿಷಿಗೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ. ಅರ್ಧ ಹೇಳಿ ನಿಲ್ಲಿಸಿದೆ. ಆ ಪದವನ್ನು ತೆಗೆಯಬಹುದೇ ಎಂದು ಮಾತ್ರ ಕೇಳಿದೆ. ಅದು ಕಾನೂನಿನ ನುಡಿ, ತೆಗೆಯುವ ಅಧಿಕಾರ ತನಗಿಲ್ಲ ಎಂದರು ಆ ಹೆಣ್ಣುಮಗಳು. ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು.

ಸುಮ ಮುಂದೆ ಬಂದಳು. ‘ಬ್ಯಾಡ ಮಾಮ. ಆಕ್ಬ್ಯಾಡ. ಶೆಡ್ಡು ಓದ್ರೆ ಓಗ್ಲಿ. ಅಪ್ಪ ಇದ್ದಿದ್ರೂ ಆಕ್ಸ್ತಿರ್ಲಿಲ್ಲ.’

‘ನೀನ್ ಸುಮ್ನಿರಮ್ಮ,’ ಎಂದರು ಮುತ್ತಯ್ಯ. ಹೊರಗೆ ಕೆಲಸಗಾರರು ಸಾಲಾಗಿ ನಿಂತು ಕಿಟಕಿಯ ಕಡೆ ನೋಡುತ್ತಿದ್ದರು. ಅವರತ್ತ ಒಮ್ಮೆ ಕಣ್ಣು ಹಾಯಿಸಿ, ಪೆನ್ನಿಗಾಗಿ ನನ್ನ ಕಡೆ ಕೈ ಚಾಚಿದರು. ಬೆರಳುಗಳಿಗೆ ಹಿಡಿತ ಸಿಗಲಿಲ್ಲ. ಸುಮ ಅಳುತ್ತಲೇ ಕಾಗದವನ್ನು ಅಲುಗಾಡದಂತೆ ಒತ್ತಿ ಹಿಡಿದಳು. ತಮಿಳಿನಲ್ಲಿ ಹೆಸರು ಬರೆದರು, ನಿಧಾನವಾಗಿ, ಪೂರ್ತಿಯಾಗಿ, ತಂದೆಯ ಹೆಸರನ್ನೂ ಸೇರಿಸಿ. ಎದ್ದು ಎಲ್ಲರಿಗೂ ಕೈ ಮುಗಿದು ಹೋದರು. ಮತ್ತೆ ಆ ಶೆಡ್ಡಿಗೆ ಬರಲಿಲ್ಲ.

ಅರ್ಹತೆ ವಾಪಸು ಬಂತು. ಸುಮ ಹೊಸಬರೊಬ್ಬರನ್ನು ಗ್ರೈಂಡಿಂಗಿಗೆ ಇಟ್ಟುಕೊಂಡು ಶೆಡ್ಡು ನಡೆಸಿದಳು, ಈಗಲೂ ನಡೆಸುತ್ತಿದ್ದಾಳೆ. ಅವಳು ಎಷ್ಟು ಸಲ ಊರಿಗಾಂಗೆ ಹೋಗಿ ಕರೆದಳೋ ಲೆಕ್ಕವಿಲ್ಲ. ಹೊರಗಿನ ಕೆಲಸವಾದರೂ ಮಾಡು ಮಾಮ ಎಂದಳು. ಕೈ ಸರಿಯಾಗಲಿ ನೋಡೋಣ ಎನ್ನುತ್ತಿದ್ದರು. ಕೈ ಒಂದು ಮಟ್ಟಕ್ಕೆ ಸರಿಯಾಯಿತು, ಅವರು ಬರಲಿಲ್ಲ.

ಆ ಸಾವಿನ ನಂತರ ನಮ್ಮಲ್ಲಿ ಗಾಜಿನ ಪೆಟ್ಟಿಗೆ ಕಡ್ಡಾಯವಾಯಿತು. ನೀವು ಈಗ ಯಾವ ಶೆಡ್ಡಿಗೆ ಹೋದರೂ ಬೀಗದ ಕೋಣೆಯ ಹೊರಗೋಡೆಯಲ್ಲಿ ಕೆಂಪು ಬಣ್ಣದ ಪೆಟ್ಟಿಗೆ, ಅದರೊಳಗೆ ಚಾವಿ ಕಾಣುತ್ತದೆ. ಅದನ್ನು ನೋಡಿ ಸುಮ್ಮನೆ ಸರಿ ಗುರುತು ಹಾಕಿ ಮುಂದೆ ಹೋಗಬೇಡಿ. ಗಾಜು ಒಡೆದು, ಚಾವಿ ತಿರುಗಿಸಿ, ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಿ. ಹೊಸ ಗಾಜು ಹಾಕಿಸಿಕೊಟ್ಟರಾಯಿತು. ಬೀಗ ಗಟ್ಟಿಯಾಗಿದೆಯೇ ಎಂದು ಕೇಳುವವರು ನಿಮ್ಮ ಮೇಲೆ ಬಹಳ ಜನ ಇರುತ್ತಾರೆ. ಒಳಗಿರುವವರು ಹೊರಗೆ ಬರಬಹುದೇ ಎಂದು ಕೇಳುವವರು ನೀವೊಬ್ಬರೇ ಆಗಿರಬಹುದು. ಬೇಡ ಎಂದರೆ ಮೂರನೇ ಸಲವೂ ಬರೆಯಿರಿ.

ನಾನು ನಿವೃತ್ತಳಾಗುವ ವರ್ಷ ಆ ಹೊರದೇಶದ ಕಂಪನಿ ತನ್ನ ನಿಯಮ ಬದಲಾಯಿಸಿತು. ಎಲ್ಲಿ ಹುಟ್ಟಿದರು ಎಂಬುದನ್ನು ಬಿಟ್ಟು, ಈಗ ಯಾವ ದೇಶದ ಪೌರರು, ಎಲ್ಲಿ ಬಾಳುತ್ತಿದ್ದಾರೆ ಎಂಬುದನ್ನು ನೋಡಿದರೆ ಸಾಕು ಎಂದು ಸುತ್ತೋಲೆ ಬಂತು. ನನ್ನ ಅರ್ಜಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲೋ ಯಾರೋ ಕೂತು, ಯಾವುದೋ ಕಾರಣಕ್ಕೆ ಮಾಡಿದ್ದು. ಆ ಸುತ್ತೋಲೆ ಓದಿದ ದಿನ ನಾನು ಅರ್ಧ ದಿನ ರಜೆ ಹಾಕಿ ಕೆ.ಜಿ.ಎಫ್.ಗೆ ಹೋದೆ.

ಮುತ್ತಯ್ಯ ಮನೆಯಲ್ಲಿರಲಿಲ್ಲ. ಮಾರ್ಕೆಟ್ಟಿನಲ್ಲಿರುತ್ತಾರೆ ಎಂದರು ಅವರ ಹೆಂಡತಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಮಾಂಸದಂಗಡಿಗಳ ಸಾಲಿನಲ್ಲಿ, ಕಾಲಿನಿಂದ ತುಳಿದು ತಿರುಗಿಸುವ ಸಾಣೆ ಚಕ್ರ ಇಟ್ಟುಕೊಂಡು ಕತ್ತಿ, ಚಾಕು, ಟೈಲರ್‌ಗಳ ಕತ್ತರಿ ಹರಿತ ಮಾಡಿಕೊಡುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತು, ಪಕ್ಕದ ಅಂಗಡಿಯಿಂದ ಒಂದು ಸ್ಟೂಲು ತಂದು ಹಾಕಿದರು. ಟೀ ಹೇಳಿದರು. ಅಂಗೈಯಲ್ಲಿ ಹಳೆಯ ಗಾಯದ ಗೆರೆ ಅಡ್ಡಕ್ಕೆ ಬೆಳ್ಳಗೆ ಕಾಣುತ್ತಿತ್ತು.

ನಿಯಮ ಬದಲಾಗಿದೆ ಮುತ್ತಯ್ಯ, ಇನ್ನು ನೀವೂ ಒಳಗೆ ಹೋಗಬಹುದು, ಸುಮ ನಿಮಗಾಗಿ ಕಾಯುತ್ತಿದ್ದಾಳೆ ಎಂದೆ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

‘ಒಂದ್ಸಾರಿ ಒಳಕ್ಕೆ ಓಗಿದ್ನಲ್ಲಮ್ಮಾ,’ ಎಂದರು. ‘ಅದೇ ಸಾಕು.’

ಮಾಂಸದಂಗಡಿಯವನು ಕತ್ತಿ ಹಿಡಿದು ಕಾಯುತ್ತಿದ್ದ. ಅದನ್ನು ಇಸಿದುಕೊಂಡು, ಬೆರಳಿನಿಂದ ಅಂಚು ಸವರಿ ನೋಡಿ, ಮುತ್ತಯ್ಯ ಚಕ್ರ ತುಳಿಯತೊಡಗಿದರು. ನಾನು ಟೀ ಮುಗಿಸಿ ಬಂಗಾರಪೇಟೆ ಬಸ್ಸು ಹತ್ತಿದೆ.